ಯಾರದೋ ದೈವಕ್ಕೆ ಅಂಗಳ ಗುಡಿಸುವ ಚಿತ್ರಾಕ್ಷಿ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಹಾರ್ಬೋರ್ನ್ ಬಡಾವಣೆಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಕ್ಟೋಬರ್ ಚಳಿ ಕಿವಿ ಕಚ್ಚುತ್ತಿದೆ. ಉಣ್ಣೆ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ ಚಿತ್ರಾಕ್ಷಿ ಬಸ್ಸಿಳಿದು, ನಗರಸಭೆಯ ಉದ್ಯಾನದ ಹಿಂಬಾಗಿಲು ತೆರೆದು, ಗಾಜಿನ ಮನೆಯೊಳಗೆ ಕಾಲಿಡುತ್ತಾರೆ. ಬಿಸಿನೀರಿನ ಕೊಳವೆ ಬೆಚ್ಚಗಿದೆಯೇ ಎಂದು ಅಂಗೈಯಿಟ್ಟು ನೋಡುತ್ತಾರೆ. ಇದೆ. ಆಮೇಲೆ ಪೊರಕೆ ಹಿಡಿಯುತ್ತಾರೆ. ಈ ಮನೆಗೆ ಗುಡಿಸುವ ಯಂತ್ರ ಬಂದು ವರ್ಷಗಳಾದವು, ಅದು ಮೂಲೆಯಲ್ಲಿ ಧೂಳು ತಿನ್ನುತ್ತಾ ಕೂತಿದೆ. ಯಂತ್ರ ಗುಡಿಸಿದರೆ ಗುಡಿಸಿದ ಹಾಗಾಗುವುದಿಲ್ಲ ಎಂಬುದು ಅವರ ವಾದ. ವಾದಕ್ಕೆ ನಿಲ್ಲುವವರು ಅಲ್ಲಿ ಯಾರೂ ಇಲ್ಲದ್ದರಿಂದ ಗೆಲುವು ಅವರದೇ.

ಇದು ಕಳ್ಳಿ ಗಿಡಗಳ ಮನೆ. ಚಾವಣಿ ಮುಟ್ಟುವಂತೆ ಬೆಳೆದು ನಿಂತಿರುವ ಹಸಿರು ಕಂಬಗಳು ಸಾನ್ ಪೆದ್ರೊ, ಪೆರು ದೇಶದ ಬೆಟ್ಟಗಳಿಂದ ಬಂದ ಜಾತಿ. ಅಲ್ಲಿನ ನಾಟಿ ವೈದ್ಯರು ಅದನ್ನು ಕುದಿಸಿ ಕಷಾಯ ಮಾಡಿ, ರೋಗಿಯ ಜೊತೆ ತಾವೂ ಕುಡಿದು, ರೋಗದ ಬೇರು ಎಲ್ಲಿದೆಯೆಂದು ಹುಡುಕುತ್ತಾರೆ. ಅಲ್ಲಿನ ಪುರಾತನ ಗುಡಿಯೊಂದರ ಕಲ್ಲಿನ ಮೇಲೂ ಈ ಕಳ್ಳಿಯನ್ನು ಹಿಡಿದು ನಿಂತವನ ಕೆತ್ತನೆ ಇದೆ. ಮನೆಯ ತುದಿಯಲ್ಲಿ ಗಾಜಿನದೇ ಒಂದು ಪುಟ್ಟ ಕೋಣೆ. ಅದಕ್ಕೆ ಬೀಗ. ಒಳಗೆ ಇರುವುದನ್ನು ನೋಡಿದರೆ ಇದಕ್ಕೇಕಪ್ಪಾ ಬೀಗ ಎನಿಸುತ್ತದೆ. ಮುಳ್ಳಿಲ್ಲ, ಎತ್ತರವಿಲ್ಲ, ಅಂದವಂತೂ ಇಲ್ಲ. ಮಣ್ಣಿನಿಂದ ಅರ್ಧ ತಲೆ ಎತ್ತಿದ ಬೂದುಹಸಿರಿನ ಗುಂಡು ಗಡ್ಡೆಗಳು, ನೆತ್ತಿಯ ಮೇಲೆ ಹತ್ತಿಯಂಥ ಬಿಳಿ ಕುಚ್ಚು. ಹೆಸರು ಪೆಯೋಟೆ.

ಮೆಕ್ಸಿಕೊದ ಮರುಭೂಮಿಯಲ್ಲಿ ಹುಟ್ಟುವ ಈ ಗಿಡ ತಿಂದವರಿಗೆ ಇಲ್ಲದ ಬಣ್ಣ, ಇಲ್ಲದ ದನಿ ಕಾಣಿಸುತ್ತದೆ, ಕೇಳಿಸುತ್ತದೆ. ಅಲ್ಲಿನ ವಿಹಾರಿಕ ಬುಡಕಟ್ಟಿನವರಿಗೆ ಅದು ಅಮಲಲ್ಲ, ದೇವರು. ಅವರು ತಮ್ಮ ಬೆಟ್ಟಗಳಿಂದ ನೂರಾರು ಮೈಲಿ ದೂರದ ಆ ಬಯಲಿಗೆ ಯಾತ್ರೆ ಹೋಗುತ್ತಾರೆ. ಹಿಂದೆ ಪೂರ್ತಿ ಕಾಲ್ನಡಿಗೆ, ಈಗ ಅಲ್ಲಲ್ಲಿ ವಾಹನವೂ ಉಂಟು. ಜಿಂಕೆಯನ್ನು ಬೇಟೆಯಾಡಿದಂತೆ ಮೊದಲ ಗಿಡಕ್ಕೆ ಬಾಣ ಹೂಡುತ್ತಾರೆ. ಕೊಯ್ಯುವಾಗ ಬೇರನ್ನು ಮಣ್ಣಲ್ಲೇ ಬಿಡುತ್ತಾರೆ, ಗಿಡ ಮತ್ತೆ ಚಿಗುರಲಿ ಎಂದು. ಇಂಗ್ಲೆಂಡಿನ ಕಾನೂನಿನಲ್ಲಿ ಗಿಡ ಸಾಕುವುದು ತಪ್ಪಲ್ಲ, ಅದರ ಸತ್ವ ತೆಗೆದರೆ ಜೈಲು. ಒಮ್ಮೆ ಯಾರೋ ಎರಡು ಗಿಡ ಕದ್ದೊಯ್ದ ಮೇಲೆ ಬೀಗ ಬಂತು.

ಬೀಗದ ಕೈ ಚಿತ್ರಾಕ್ಷಿಯವರ ಸೊಂಟದಲ್ಲಿರುತ್ತದೆ. ಬರುವ ಕಾಲೇಜು ಹುಡುಗರೆಲ್ಲ ಕೇಳುವುದು ಒಂದೇ ಪ್ರಶ್ನೆ, ತಿಂದರೆ ಏನಾಗುತ್ತದೆ? ವಾಂತಿಯಾಗುತ್ತದೆ ಎನ್ನುತ್ತಾರೆ ಅವರು. ಅದು ಸುಳ್ಳೂ ಅಲ್ಲ, ಪೆಯೋಟೆ ಅಷ್ಟು ಕಹಿ. ಹೆಚ್ಚಿಗೆ ಕೇಳಿದವರಿಗೆ ತಮ್ಮೂರಲ್ಲಿ ಮಳೆಗಾಲದ ಆಟಿ ಅಮಾವಾಸ್ಯೆಗೆ ಕುಡಿಯುವ ಕಷಾಯದ ಕಥೆ ಹೇಳಲು ಕೂರುತ್ತಾರೆ. ಸೂರ್ಯ ಹುಟ್ಟುವ ಮೊದಲು ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತರಬೇಕು, ಕಬ್ಬಿಣ ತಾಗಿಸುವಂತಿಲ್ಲ, ಆ ಕಷಾಯದ ಕಹಿಯ ಮುಂದೆ ಬೇವು ಪಾಯಸ. ಹುಡುಗರು ಮೆಲ್ಲಗೆ ಜಾಗ ಖಾಲಿ ಮಾಡುತ್ತಾರೆ.

ಚಿತ್ರಾಕ್ಷಿ ಕಾರ್ಕಳದ ಹತ್ತಿರದ ಹಳ್ಳಿಯವರು. ಗಂಡ ಹರಿಶ್ಚಂದ್ರ ಇಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಟೆಕ್ನಿಷಿಯನ್. ಬಂದ ಹೊಸತರಲ್ಲಿ ಚಿತ್ರಾಕ್ಷಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಮಾತು ಕಡಿಮೆ ಬೇಕಾಗುವ ಕೆಲಸ ಯಾವುದೆಂದು ಹುಡುಕಿ ಉದ್ಯಾನಕ್ಕೆ ಸೇರಿದರು. ಸೇರಿದ ವರ್ಷವೇ ಎಡವಟ್ಟು. ಊರಲ್ಲಿ ಮಿಂದು ಬಂದು ತುಳಸಿಗೆ ನೀರೆರೆದೇ ಬೇರೆ ಕೆಲಸ, ಅಲ್ಲವೇ? ಆ ಅಭ್ಯಾಸದಲ್ಲಿ ಬೆಳಗಾದರೆ ಪೆಯೋಟೆಗೂ ಒಂದು ಚೊಂಬು ನೀರು. ಚಳಿಗಾಲ ಮುಗಿಯುವುದರೊಳಗೆ ಒಂದು ಸಾಲು ಕೊಳೆತು ಬಾಡಿಹೋಯಿತು. ಮೇಲಿನವರಾದ ಕಾಲಿನ್ ಎಂಬ ಮುದುಕ ಬೈಯಲಿಲ್ಲ, ಮಾರ್ಚ್ ಬರುವವರೆಗೆ ನೀರಿನ ಕ್ಯಾನನ್ನೇ ಬಚ್ಚಿಟ್ಟರು.

“ನೀರು ಕೊಟ್ಟೇ ಕೊಂದೆ ಮಾರಾಯ್ರೆ. ಅದಕ್ಕೆ ಎಂತ ಬೇಕು ಅಂತ ಕೇಳ್ಲಿಲ್ಲ, ನನಗೆ ಗೊತ್ತಿದ್ದದ್ದನ್ನು ಮಾಡಿದೆ” ಎನ್ನುವಾಗ ಇಂದಿಗೂ ಅವರ ದನಿ ಇಳಿಯುತ್ತದೆ.

ಅಂದಿನಿಂದ ಅವರು ಈ ಗಿಡದ ಜನ ಯಾರೆಂದು ವಿಚಾರಿಸತೊಡಗಿದರು. ಕಾಲಿನ್ ಹೇಳಿದ್ದನ್ನು ಕೇಳಿದರು, ಮಗಳು ಚರಿಷ್ಮಾ ಲೈಬ್ರರಿಯಿಂದ ತಂದ ಪುಸ್ತಕದ ಚಿತ್ರ ನೋಡಿದರು. ಪೂಜೆಯಿರುವ ಗಿಡ ಎಂದು ತಿಳಿದ ದಿನ ತಮ್ಮೂರಿನದೇ ನೆನಪಾಯಿತಂತೆ. ಊರಲ್ಲಿ ಅವರ ಮನೆತನಕ್ಕಿದ್ದದ್ದು ದೈವಸ್ಥಾನದ ಅಂಗಳ ಗುಡಿಸುವ ಹಕ್ಕು. ಒಳಗಿನ ಸೇವೆಗೆ ಬೇರೆ ಮನೆತನವಿದೆ. ಆ ಮನೆಯವರು ಬಂದಾಗ ಇವರು ಬಾಗಿಲು ತೆಗೆದುಕೊಟ್ಟು, ಹೊರಗೆ ಬಂದು, ಬೆನ್ನು ತಿರುಗಿಸಿ ನಿಲ್ಲಬೇಕು. ಸೇವೆಯಿಲ್ಲದೆ ದೈವ ಕೂತರೆ ಊರಿಗೇ ಸಂಕಟ. ಹಾಗೆಂದು ಹಕ್ಕಿಲ್ಲದವರು ಕೈಹಾಕಿದರೆ ಅದೂ ಅಪಚಾರವೇ.

ಆದ್ದರಿಂದ ಇಷ್ಟು ವರ್ಷಗಳಲ್ಲಿ ಚಿತ್ರಾಕ್ಷಿ ಆ ಗಿಡಕ್ಕೆ ಒಮ್ಮೆಯೂ ಕೈಮುಗಿದಿಲ್ಲ. ಹೂವಿಟ್ಟಿಲ್ಲ, ಊದುಬತ್ತಿ ಹಚ್ಚಿಲ್ಲ. ಗುಡಿಸುತ್ತಾರೆ, ಗಾಜು ಒರೆಸುತ್ತಾರೆ, ಬೇಸಿಗೆಯಲ್ಲಿ ಅಳತೆಯ ನೀರು ಕೊಡುತ್ತಾರೆ. ಗುಲಾಬಿ ಬಣ್ಣದ ಸಣ್ಣ ಹೂ ಅರಳಿದ ದಿನ ಮನೆಯಲ್ಲಿ ಪಾಯಸ ಮಾಡುತ್ತಾರೆ, ಅದು ತಮ್ಮ ಖುಷಿಗೆ. “ಅಮ್ಮಾ, ಇಟ್ಸ್ ಜಸ್ಟ್ ಎ ಪ್ಲಾಂಟ್” ಎಂದು ಚರಿಷ್ಮಾ ನಗುತ್ತಾಳೆ, ಪಾಯಸವನ್ನು ಮಾತ್ರ ಎರಡು ಸಲ ಹಾಕಿಸಿಕೊಳ್ಳುತ್ತಾಳೆ.

ಅವರಿಗಿರುವುದು ಒಂದೇ ಆಸೆ. ಅದರ ಕಡೆಯವರು ಒಬ್ಬರಾದರೂ ಒಂದು ಸಲ ಬಂದು ಅದನ್ನು ಕಾಣಬೇಕು. ಈ ಹಂಬಲ ಎಲ್ಲಿಂದ ಹುಟ್ಟಿತು ಎಂದರೆ ಬಡಾವಣೆಯ ಡಾಕ್ಟರ ಕ್ಲಿನಿಕ್ಕಿನ ಕಥೆ ತೆಗೆಯುತ್ತಾರೆ. ಬಂದ ಹೊಸತು, ಹರಿಶ್ಚಂದ್ರರಿಗೆ ಆಗ ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ. ಚಿತ್ರಾಕ್ಷಿಗೆ ತುಳು ಆಡಲು ಗೋಡೆಯೇ ಗತಿ. ಹಾಗಿರುವಾಗ ಒಂದು ದಿನ ಕ್ಲಿನಿಕ್ಕಿನಲ್ಲಿ ಕಾಯುತ್ತಾ ಕೂತಿದ್ದರು. ಮಗನ ಮನೆಗೆ ಬಂದಿದ್ದ ಕೊರಗಪ್ಪ ಎಂಬ ಹಿರಿಯರು ಇವರ ಕರಿಮಣಿ ಸರ ನೋಡಿ, “ಇರೆನ ಊರು ಓಲು?” ಎಂದುಬಿಟ್ಟರು. ನಿಮ್ಮ ಊರು ಎಲ್ಲಿ ಎಂದು ಕೇಳಿದ್ದು, ಅಷ್ಟೇ. ಚಿತ್ರಾಕ್ಷಿ ಬಿಕ್ಕಿ ಬಿಕ್ಕಿ ಅತ್ತರು. ಎದೆನೋವಿರಬೇಕೆಂದು ಹೆದರಿದ ನರ್ಸಮ್ಮ ಇವರನ್ನು ಸರದಿ ತಪ್ಪಿಸಿ ಒಳಗೆ ಕರೆದೊಯ್ದಳು.

“ಊಟ ಇತ್ತು, ಮನೆ ಇತ್ತು, ಕಷ್ಟ ಎಂತದೂ ಇರ್ಲಿಲ್ಲ. ಆದ್ರೆ ನಮ್ಮವರು ಅಂತ ಯಾರೂ ಕೇಳ್ಲಿಲ್ಲ ಅಲ್ವಾ? ಈ ಗಿಡ ಇಲ್ಲಿಗೆ ಬಂದು ನನಗಿಂತ ಜಾಸ್ತಿ ವರ್ಷ ಆಯ್ತು. ಅದನ್ನು ಯಾರು ಕೇಳಿದ್ದಾರೆ ಹೇಳಿ.”

ಎರಡು ವರ್ಷದ ಹಿಂದೆ ಆಸೆ ಕೈಗೂಡಿತು ಎಂದೇ ಅವರು ಭಾವಿಸಿದ್ದರು. ಮಳೆ ಸುರಿಯುತ್ತಿದ್ದ ಮಧ್ಯಾಹ್ನ ಒಬ್ಬ ಹೆಂಗಸು ಒಳಗೆ ಬಂದಳು. ಎಲ್ಲಿಯವರೆಂದು ಕೇಳಿದರೆ ಮೆಕ್ಸಿಕೊ ಎಂದಳು. ಚಿತ್ರಾಕ್ಷಿ ತಕ್ಷಣ ಬೀಗ ತೆಗೆದು, ಆಕೆಯನ್ನು ಒಳಗೆ ಕಳಿಸಿ, ಬಾಗಿಲು ಹಾಕಿ ಚಿಲಕ ಸಿಕ್ಕಿಸಿ, ಹೊರಗೆ ಬೆನ್ನು ತಿರುಗಿಸಿ ನಿಂತರು. ಸೇವೆಯ ಹೊತ್ತಲ್ಲಿ ತಿರುಗಿ ನೋಡಬಾರದು. ಒಳಗಿನಿಂದ ಗಾಜು ಬಡಿದರೂ ನೋಡಲಿಲ್ಲ, ಅದೂ ಪೂಜೆಯ ಕ್ರಮವೇ ಇರಬೇಕೆಂದುಕೊಂಡರು. ಆಕೆ ಕೂಗಿಕೊಂಡಾಗಷ್ಟೇ ತಿರುಗಿ ಬಾಗಿಲು ತೆಗೆದರು.

ಹೆಸರು ರೆಬೆಕಾ. ಗಂಡ ಕೊವೆಂಟ್ರಿಯಲ್ಲಿ ಕಾರಿನ ಎಂಜಿನಿಯರ್. ಹುಟ್ಟಿ ಬೆಳೆದದ್ದು ಗ್ವಾದಲಹಾರ ಎಂಬ ದೊಡ್ಡ ನಗರದಲ್ಲಿ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವಾಕೆ, ಪೆಯೋಟೆಯನ್ನು ಜೀವಮಾನದಲ್ಲೇ ಕಂಡವಳಲ್ಲ. ಬಸ್ಸು ತಡವಾಗಿತ್ತು, ಮಳೆ ಬಂತು, ನುಗ್ಗಿದಳು. ಅಪರಿಚಿತ ಹೆಂಗಸೊಬ್ಬಳು ತನ್ನನ್ನು ಕೂಡಿಹಾಕಿದಳೆಂದು ಹೆದರಿ ಬೆವತಿದ್ದಳು. ಭಾರತದವರೆಂದರೆ ಎಲ್ಲರೂ ಯೋಗಪಟುಗಳೆಂದುಕೊಳ್ಳುವ ಇಂಗ್ಲಿಷರನ್ನು ಆಡಿಕೊಳ್ಳುತ್ತಿದ್ದ ಚಿತ್ರಾಕ್ಷಿ, ತಾನು ಮಾಡಿದ್ದೂ ಅದನ್ನೇ ಎಂದು ನಾಚಿದರು. ಚಹಾ ಮಾಡಿಕೊಟ್ಟು, ಹರುಕು ಮುರುಕು ಇಂಗ್ಲಿಷಿನಲ್ಲಿ ವಿಷಯ ವಿವರಿಸಿದರು. ರೆಬೆಕಾ ನಗಲಿಲ್ಲ. ಆ ಜನ ತನ್ನ ಊರಿನ ಬೀದಿಯಲ್ಲಿ ಮಣಿ ಪೋಣಿಸಿದ ಸರ, ಬಳೆ ಮಾರುತ್ತಾರೆ, ತಾನು ಎಷ್ಟೋ ಸಲ ಚೌಕಾಸಿ ಮಾಡಿದ್ದೇನೆ, ಹೆಸರು ಮಾತ್ರ ಕೇಳಿಲ್ಲ ಎಂದಳು. ಊರಿಗೆ ಹಿಂತಿರುಗಿದ ಮೇಲೆ ಕೇಳುತ್ತೇನೆ ಎಂದು ಚಿತ್ರಾಕ್ಷಿಯ ಫೋನ್ ನಂಬರ್ ಬರೆದುಕೊಂಡಳು. ಹೋದವಳು ಹೋದಳು.

ಈಗ ಕಾಲ ಮಿಂಚಿದೆ. ಗಾಜಿನ ಮನೆ ಬೆಚ್ಚಗಿಡಲು ಹಣವಿಲ್ಲವೆಂದು ಉದ್ಯಾನದವರು ಕೈಚೆಲ್ಲಿದ್ದಾರೆ. ಈ ತಿಂಗಳ ಕೊನೆಗೆ ಬಾಗಿಲು ಮುಚ್ಚುತ್ತದೆ. ಸಾನ್ ಪೆದ್ರೊ ಬೇರೆ ಉದ್ಯಾನಕ್ಕೆ ಹೋಗುತ್ತದೆ, ಚಿತ್ರಾಕ್ಷಿ ಹುಲ್ಲು ಕತ್ತರಿಸುವ ತಂಡಕ್ಕೆ. ಪೆಯೋಟೆ ಲೀಡ್ಸ್ ಕಡೆಯ ಒಂದು ಸಂಶೋಧನಾ ಕೇಂದ್ರದ ಪಾಲು. ಅಲ್ಲಿ ದೀಪದ ಬೆಳಕು, ಕಂಪ್ಯೂಟರ್ ಲೆಕ್ಕದ ನೀರು. ಸಾರ್ವಜನಿಕರಿಗೆ ಪ್ರವೇಶವಿಲ್ಲ. ಒಮ್ಮೆ ಅಲ್ಲಿ ಸೇರಿತೆಂದರೆ ಅದರ ಕಡೆಯವರು ಏಳು ಸಮುದ್ರ ದಾಟಿ ಬಂದರೂ ಗೇಟಿನಿಂದಲೇ ವಾಪಸ್.

ಸಾಗಾಟದ ಏರ್ಪಾಡು ನೋಡಲು ಬಂದಿದ್ದ ಕೇಂದ್ರದ ಯುವತಿಗೆ ಚಿತ್ರಾಕ್ಷಿ ಒಂದು ಕೋರಿಕೆ ಇಟ್ಟಿದ್ದಾರೆ. ಗಿಡದ ಜನ ಯಾರಾದರೂ ಬಂದರೆ ಕಾನೂನು ಹೇಳದೆ ಬಾಗಿಲು ತೆಗೆಯಬೇಕು, ತೆಗೆದು ತಾನು ಹೊರಗೆ ನಿಲ್ಲಬೇಕು. ಯುವತಿ ಒಳ್ಳೆಯವಳು, ಮೇಲಿನವರನ್ನು ಕೇಳುತ್ತೇನೆ ಎಂದಿದ್ದಾಳೆ. ಮೇಲಿನವರನ್ನು ಕೇಳುವುದೆಂದರೆ ಏನೆಂದು ನಗರಸಭೆಯ ಕೆಲಸ ಮಾಡಿದ ಚಿತ್ರಾಕ್ಷಿಗೆ ಬೇರೆ ಹೇಳಬೇಕಿಲ್ಲ.

“ನಾನು ಅದನ್ನು ನೋಡಿಕೊಂಡೆ, ಸರಿ. ಆದ್ರೆ ನಾನು ಅದರವಳಲ್ಲ. ಅದಕ್ಕೂ ಗೊತ್ತುಂಟು” ಎನ್ನುತ್ತಾ ಕಣ್ಣೊರೆಸಿಕೊಳ್ಳುತ್ತಾರೆ. ಧೂಳು ಎಂಬ ನೆವ. ಅಷ್ಟು ಗುಡಿಸಿದ ಮನೆಯಲ್ಲಿ ಧೂಳೆಲ್ಲಿಂದ ಬರಬೇಕು!

ಮೊನ್ನೆ ಮಂಗಳವಾರ ಬೆಳಿಗ್ಗೆ ಕೆಲಸಕ್ಕೆ ಬರುವ ಬಸ್ಸಿನಲ್ಲಿ ಫೋನ್ ಗುಂಯ್‌ಗುಟ್ಟಿತು. ಗ್ವಾದಲಹಾರದಿಂದ ರೆಬೆಕಾಳ ಸಂದೇಶ. ಮಣಿಸರ ಮಾರುವ ಒಬ್ಬ ಮುದುಕನನ್ನು ಕೊನೆಗೂ ಮಾತಾಡಿಸಿದಳಂತೆ. ಇಂಗ್ಲೆಂಡಿನಲ್ಲಿ ಹೀಗೊಂದು ಗಾಜಿನ ಮನೆ, ಅದರಲ್ಲಿ ನಿಮ್ಮ ಗಿಡ, ಅದನ್ನು ಕಾಯುವ ಭಾರತದ ಒಬ್ಬ ಹೆಂಗಸು ಎಂದು ಹೇಳಿದಳಂತೆ. ಆತ ಪೋಣಿಸುವುದನ್ನು ನಿಲ್ಲಿಸಿದನಂತೆ. ತನಗೆ ಅಷ್ಟು ದೂರ ಬರಲಾಗದು ಎಂದನಂತೆ. ಆಮೇಲೆ ಒಂದೇ ಒಂದು ಮಾತು ಕೇಳಿದನಂತೆ, ಅಲ್ಲಿ ಅದಕ್ಕೆ ಬಿಸಿಲು ಸಿಗುತ್ತದೆಯೇ?

ಚಿತ್ರಾಕ್ಷಿ ತಾವಿಳಿಯುವ ನಿಲ್ದಾಣ ದಾಟಿಹೋದರೂ ಬಸ್ಸಿನಲ್ಲೇ ಕೂತಿದ್ದರು. ಕಿಟಕಿಯಾಚೆ ಬರ್ಮಿಂಗ್‌ಹ್ಯಾಮಿನ ಬೂದು ಆಕಾಶ. ಹೂವಿನ ಫೋಟೊ ಕಳಿಸಿ ಚೆನ್ನಾಗಿದೆ ಎನ್ನಬಹುದಿತ್ತು, ಚರಿಷ್ಮಾ ಹಾಗೇ ಸಲಹೆ ಕೊಟ್ಟಳು. ಇವರಿಗೆ ಮನಸ್ಸು ಒಪ್ಪಲಿಲ್ಲ. ಸಂಜೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಉತ್ತರ ಬರೆಸಿದರು.

“ಅದರ ಮನೆಯವರೇ ಕೇಳಿದ್ದಲ್ವಾ, ಸುಳ್ಳು ಹೇಳ್ಲಿಕ್ಕೆ ಬರುವುದಿಲ್ಲ. ಇಲ್ಲಿ ಬಿಸಿಲು ಭಾರಿ ಕಡಿಮೆ ಅಂತ ಬರೆಸಿದೆ. ಬಂದಷ್ಟು ಬಿಸಿಲಿಗೆ ನಾನು ಯಾವತ್ತೂ ಅಡ್ಡ ನಿಲ್ಲಲಿಲ್ಲ ಅಂತಲೂ ಬರೆಸಿದೆ.”