ಒಬ್ಬ ಕೊರೆದ, ಇನ್ನೊಬ್ಬ ಬಾಚಿದ

ದೆವ್ವ, ಗಾಳಿ ಎಂದರೆ ನನಗೆ ನಗು ಬರುತ್ತಿತ್ತು. ನಂಜನಗೂಡಿನ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವನು ನಾನು. ಮೈಕ್ರೋಸ್ಕೋಪಿನಲ್ಲಿ ಕಂಡರೆ ಉಂಟು, ಕಾಣದಿದ್ದರೆ ಇಲ್ಲ, ಅಷ್ಟೇ ನನ್ನ ವೇದಾಂತ. ನೀವು ನಂಬಿ ಎನ್ನುವುದಿಲ್ಲ, ಆದದ್ದನ್ನು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ದೇವನೂರಿನ ರೈತ ಮಾದಪ್ಪನನ್ನು ಹೆಂಡತಿ ಗೌರಮ್ಮ ಕರೆತಂದಳು. ಹಿಂದಿನ ದಿನ ಹೊಲದಲ್ಲಿ, ಕಡಿದುಳಿದ ಕಬ್ಬಿನ ಚೂಪು ಕೂಳೆ ಪಾದಕ್ಕೆ ಚುಚ್ಚಿತ್ತಂತೆ. ಹೊಲ ಮಾಡಿದ ಗಾಯಕ್ಕೆ ಹೊಲದ ಮಣ್ಣೇ ಮದ್ದು ಎಂಬುದು ಅವರ ಮನೆಯ ಪದ್ಧತಿ. ಗೌರಮ್ಮ ಅಲ್ಲಿಯ ಕೆಸರನ್ನೇ ಮೆತ್ತಿ ಬಟ್ಟೆ ಕಟ್ಟಿದ್ದಳು. ಈಗ ಕಾಲು ಊದಿ, ಮೈಯೆಲ್ಲ ಕಂಚಿನ ಬಣ್ಣಕ್ಕೆ ತಿರುಗಿತ್ತು.

ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸಿದೆ. ಕೆಂಪು ಕಣಗಳು ತಳಕ್ಕಿಳಿದು, ಮೇಲೆ ಹಳದಿ ತಿಳಿ ನಿಲ್ಲಬೇಕು. ನಿಲ್ಲಲಿಲ್ಲ. ಟ್ಯೂಬಿನ ಉದ್ದಕ್ಕೂ ಒಂದೇ ಕೆಂಪು. ಸೂಜಿ ಒರಟಾಗಿ ಎಳೆದು ಕಣಗಳನ್ನು ನಾನೇ ಒಡೆದೆನೇನೋ ಎಂದು ನನ್ನನ್ನೇ ಬೈದುಕೊಂಡು, ಮತ್ತೆ ರಕ್ತ ತೆಗೆಯಲು ಅವನ ಬಳಿ ಹೋದೆ.

"ಇಬ್ರವ್ರೆ ಕಣ್ ಸಾ," ಎಂದ ಮಾದಪ್ಪ, ಮೆಲ್ಲಗೆ, ಸ್ಪಷ್ಟವಾಗಿ. "ಒಬ್ಬ ಗ್ವಾಡೆ ಕೊರೀತವ್ನೆ. ಅವ್ನ್ ಹಿಂದೇನೇ ಇನ್ನೊಬ್ಬ ನುಗ್ಗಿ ಮನೇನೇ ಬಾಚ್ತವ್ನೆ. ಒಬ್ನೇ ಆಗಿದ್ರೆ ತಡ್ಕೊತಿದ್ದೆ."

"ಯಾವ ಕಳ್ಳರಪ್ಪಾ ಹಗಲು ಹೊತ್ತಲ್ಲಿ? ಸುಮ್ನೆ ಮಲಕ್ಕೊ," ಎಂದು ಗದರಿದೆ.

ಎರಡನೆಯ ಟ್ಯೂಬೂ ಹಾಗೇ. ಮೈಕ್ರೋಸ್ಕೋಪಿನಲ್ಲಿ ಕಣಗಳಿಲ್ಲ, ಕಡಲೆಕಾಯಿ ಸಿಪ್ಪೆಯಂಥ ಖಾಲಿ ಪೊರೆಗಳು. ಅಯ್ಯೋ ಶಿವನೇ, ಇಂಥ ರಕ್ತ ಇಟ್ಟುಕೊಂಡು ಈಗತಾನೇ ನನ್ನೊಡನೆ ಮಾತಾಡಿದನಲ್ಲ! ನನಗೆ ನಿಜವಾಗಿ ಭಯವಾಯಿತು. ಮೈಸೂರಿಗೆ ಸಾಗಿಸಲು ಆಂಬುಲೆನ್ಸ್ ಬರುವ ಮೊದಲೇ ಮಾದಪ್ಪ ಹೋಗಿಬಿಟ್ಟ.

ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಮಣ್ಣಿನಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಇರುತ್ತವೆ, ಗಾಯದಿಂದ ಒಳಗೆ ಹೋಗುತ್ತವೆ. ಅವುಗಳ ಒಂದು ಕಿಣ್ವ ರಕ್ತಕಣದ ಪೊರೆಯನ್ನು ಕತ್ತರಿಸಿ ಸಡಿಲ ಮಾಡುತ್ತದೆ, ಇನ್ನೊಂದು ಉಳಿದದ್ದನ್ನು ಹರಿದು ಹಾಕುತ್ತದೆ. ಒಂದೇ ಆದರೆ ಕೆಲಸ ನಿಧಾನ, ಜೊತೆಯಾದರೆ ಮೈಯ ರಕ್ತವೆಲ್ಲ ನೀರು. ಲ್ಯಾಬಿನಲ್ಲೇ ತಲೆ ನರೆಸಿದ ನನಗೂ ಅದು ಗೊತ್ತಿರಲಿಲ್ಲ.

ಮಂಚದ ಪಕ್ಕ ನಿಂತು ಗಂಡನ ಮಾತನ್ನೆಲ್ಲ, ಆಮೇಲೆ ಡಾಕ್ಟರ ಮಾತನ್ನೂ ಕೇಳಿಸಿಕೊಂಡಿದ್ದ ಗೌರಮ್ಮ ಹೊರಡುವಾಗ ನನ್ನ ಬಳಿ ಬಂದಳು. ಅವಳ ಉಗುರಿನ ಸಂದಿಯಲ್ಲಿ ಇನ್ನೂ ಆ ಮಣ್ಣಿತ್ತು.

"ಸಾ, ಆ ಇಬ್ರನ್ನೂ ಒಳೀಕ್ ಬುಟ್ಟೋಳು ನಾನೇನಾ?"

"ಅಲ್ಲ ಕಣವ್ವಾ, ಕೂಳೆ ಚುಚ್ಚಿದಾಗ್ಲೇ ಬಂದಿದ್ರು," ಎಂದೆ. ನಿಜವೋ ಸುಳ್ಳೋ ನನಗೇ ತಿಳಿಯದು. ಇಬ್ಬರೆಂದು ಮಾದಪ್ಪನಿಗೆ ಹೇಗೆ ಗೊತ್ತಾಯಿತು, ಅದೂ ತಿಳಿಯದು. ಆದರೆ ಹಾಗೆ ಹೇಳುವಾಗ, ಅವರು ಬಂದದ್ದನ್ನು ಕಂಡವನಂತೆಯೇ ಹೇಳಿದೆ.