ಮುಸಾಫಿರಖಾನೆಯ ಹಿತ್ತಾಳೆ ಯಲ್ಲಮ್ಮ

ಭೀಮಮ್ಮನಿಗೆ ಐದು ತಿಂಗಳ ಸಂಬಳ, ಹದಿನೈದು ಸಾವಿರ ರೂಪಾಯಿ, ಇನ್ನೂ ಬರಬೇಕಾಗಿದೆ. ಕೊಡಬೇಕಾದವನು ಧರ್ಮಪಾಲ. ಠಾಣೆ ಶಹರದಲ್ಲಿ ಖಾಡಿಯ ಹಿನ್ನೀರಿನ ಕಡೆಗೆ ಇಳಿಯುವ ರಸ್ತೆಯಲ್ಲಿ ಬ್ರಿಟಿಷರ ಕಾಲದ ಮುಸಾಫಿರಖಾನೆಯೊಂದಿದೆ. ದೊರೆಗಳು ಕುದುರೆ ಕಟ್ಟಿ ತಂಗುತ್ತಿದ್ದ ಆ ಕಟ್ಟಡದ ಕೆಳಗಿನ ಕೋಣೆಗಳಲ್ಲಿ ಅವನದು ಹಳೇ ಸಾಮಾನು, ಚಿತ್ರಗಳ ಅಂಗಡಿ.

ಭೀಮಮ್ಮ ಕಲಬುರಗಿ ಕಡೆಯವಳು. ಐರೋಲಿಯ ಜೋಪಡಿಯಿಂದ ಲೋಕಲ್ ರೈಲು ಹಿಡಿದು ಬಂದು ಅಲ್ಲಿ ಕಸ ಹೊಡೆಯುತ್ತಿದ್ದಳು, ಸಾಮಾನಿನ ಧೂಳು ಒರೆಸುತ್ತಿದ್ದಳು. ಜೋಪಡಿಗೆ ಸರಿಯಾದ ಬಾಗಿಲಿಲ್ಲ, ಇಟ್ಟ ದುಡ್ಡು ಉಳಿಯುವುದಿಲ್ಲ. ಊರಿನಲ್ಲಿ ಸಾವ್ಕಾರರ ಹತ್ತಿರ ಇಡುವಂತೆ ಸಂಬಳವನ್ನು ಅವನ ಹತ್ತಿರವೇ ಬಿಟ್ಟಳು.

2011ರ ಶ್ರಾವಣದಲ್ಲಿ, ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದ ಗಂಡ ಶಿವರಾಯನ ಕಾಲ ಮೇಲೆ ಕಬ್ಬಿಣದ ಪಟ್ಟಿಗಳ ಕಟ್ಟು ಬಿತ್ತು. ಮೂಳೆ ಪುಡಿ. ರಾಡ್ ಹಾಕಬೇಕು, ರಾಡ್ ನೀವೇ ತರಬೇಕು, ತಡವಾದರೆ ಕಾಲು ಉಳಿಯುವುದಿಲ್ಲ ಎಂದರು ಡಾಕ್ಟರು.

ಮರುದಿನ ಅಮಾವಾಸ್ಯೆ. ದುಡ್ಡು ಕೇಳಲು ಬೆಳಿಗ್ಗೆಯೇ ಬಂದಳು. ಧರ್ಮಪಾಲ ಇನ್ನೂ ಬಂದಿರಲಿಲ್ಲ, ಕಾವಲುಗಾರ ಬಾಗಿಲು ತೆರೆದ. ಮೂಲೆಯ ಕಪಾಟಿನಲ್ಲಿ ಹಿತ್ತಾಳೆಯ ಯಲ್ಲಮ್ಮನ ಮುಖ, ಇದ್ದಿಲಿನಷ್ಟು ಕಪ್ಪು. ಅಮಾವಾಸ್ಯೆಗೆ ದೇವರು ತೊಳೆಯದ ಮನೆ ಅವಳ ಓಣಿಯಲ್ಲಿ ಇರಲಿಲ್ಲ. ಕಾವಲುಗಾರನ ಹತ್ತಿರ ಒಲೆಯ ಬೂದಿ, ಒಂದಿಷ್ಟು ಹುಣಸೆಹಣ್ಣು ಇಸಿದುಕೊಂಡು, ಗಂಡನ ಕಾಲು ಉಳಿಸವ್ವಾ ಎನ್ನುತ್ತ ಗಸಗಸ ತಿಕ್ಕಿದಳು. ಮುಖ ಝಗ್ಗೆಂದಿತು. ಕುಂಕುಮ ಹಚ್ಚಿದಳು.

ಧರ್ಮಪಾಲ ಬಂದವನೇ ತಲೆಯ ಮೇಲೆ ಕೈ ಹೊತ್ತ. “ಎಂತ ಮಾಡಿದ್ದು ಮಾರಾಯ್ತಿ ನೀನು?”

“ಅಮಾಸಿ ಅದ ಅಲ್ರೀ ಸಾವ್ಕಾರ್ರ. ದೇವರ ತೊಳದೀನ್ರಿ.”

“ನನ್ನ ತಲೆ ತೊಳೆದೆ! ಹಳೇ ಕಾಲದ ಆ ಕಪ್ಪಿಗೇ ಅಲ್ವಾ ಗಿರಾಕಿ ದುಡ್ಡು ಕೊಡುವುದು? ಇನ್ನು ಇದು ಬಜಾರಿನ ಚೊಂಬು!”

“ತಾಯಿ ಮಾರಿ ಕರ್ರಗ ಇದ್ರ ಯಾರಿಗಿ ಚೊಲೋ ಆಗ್ತದ್ರಿ?” ಎಂದಳು ಭೀಮಮ್ಮ. “ಅದ್ ಇರ್ಲಿ, ನಮ್ಮವ್ರ ಕಾಲಿಗಿ ನನ್ ಪಗಾರ ಕೊಡ್ರಿ.”

“ಪಗಾರ ಅದರಲ್ಲೇ ಹೋಯ್ತು. ಇನ್ನೂ ನೀನೇ ನನಗೆ ಕೊಡಬೇಕು.”

ಅವಳು ಮೆಟ್ಟಿಲ ಮೇಲೆಯೇ ಕುಳಿತಳು, ಏಳಲಿಲ್ಲ. ಸಂಜೆ ಅವನು ಯಾವುದೋ ಆ್ಯಸಿಡ್ ಬಾಟಲಿ ತಂದುಕೊಟ್ಟು, ಮೊದಲಿನ ಹಾಗೆ ಕಪ್ಪು ಮಾಡು, ಆಮೇಲೆ ನೋಡೋಣ ಎಂದ. ತಾನು ಬೇಡಿಕೊಂಡ ದೇವಿಯ ಮುಖಕ್ಕೆ ಭೀಮಮ್ಮ ಬರಿಗೈಯಲ್ಲಿ ಚಿಂದಿ ಅದ್ದಿ ಬಳಿದಳು. ಬೆರಳ ಚರ್ಮ ಎದ್ದುಬಂತು. ಹದಿನೈದು ದಿನದೊಳಗೆ ಹೋಟೆಲಿನವರೊಬ್ಬರು ಬಹಳ ಹಳೆಯದೆಂದು ಮೆಚ್ಚಿ, ಹೇಳಿದ ಬೆಲೆಗೇ ಅದನ್ನು ಒಯ್ದರು. ಭೀಮಮ್ಮ ಕೈ ಚಾಚಿದಳು.

“ಆ್ಯಸಿಡ್ಡಿಗೂ ದುಡ್ಡು ಬಿದ್ದಿದೆ,” ಎಂದ ಧರ್ಮಪಾಲ. “ನಾಳೆಯಿಂದ ಬರುವುದು ಬೇಡ.”

ರಾಡ್ ಬರಲಿಲ್ಲ. ಕಾಲು ಕೊಳೆಯಿತು, ಮೊಣಕಾಲಿನಿಂದ ಕೆಳಗೆ ಕತ್ತರಿಸಿದರು. ಕಬ್ಬಿಣ ಹೊರುತ್ತಿದ್ದ ಶಿವರಾಯ ಈಗ ಜೋಪಡಿಯ ಮುಂದೆ ಕುಳಿತು ಹೋಟೆಲುಗಳಿಗೆ ಬೆಳ್ಳುಳ್ಳಿ ಸುಲಿದುಕೊಡುತ್ತಾನೆ.

ಕಾರ್ಮಿಕ ಕಚೇರಿಯಲ್ಲಿ ಭೀಮಮ್ಮನ ಅರ್ಜಿ ಇದೆ. ಧರ್ಮಪಾಲ ವಿಚಾರಣೆಯ ಒಂದು ತಾರೀಖಿಗೂ ಬಂದಿಲ್ಲ. ನಮ್ಮ ಕನ್ನಡ ಸಂಘಗಳ ಕಾರ್ಯಕ್ರಮಕ್ಕೆ ಮಾತ್ರ ತಪ್ಪದೆ ಬರುತ್ತಾನೆ, ದೇಣಿಗೆ ಕೊಡುತ್ತಾನೆ, ಮುಂದಿನ ಸಾಲಿನಲ್ಲಿ ಕೂರುತ್ತಾನೆ. ಅವನಿಗೆ ಹಾರ ಹಾಕುವವರು, ಚಪ್ಪಾಳೆ ತಟ್ಟುವವರು ನೀವು. ಮುಂದಿನ ಸಲ ಅವನು ವೇದಿಕೆ ಹತ್ತಿದಾಗ ಎದ್ದು ನಿಲ್ಲಿ. ಎಲ್ಲರಿಗೂ ಕೇಳುವ ಹಾಗೆ, ಭೀಮಮ್ಮನ ಹದಿನೈದು ಸಾವಿರ ಎಲ್ಲಿ ಎಂದು ಕೇಳಿ. ಅವನು ಎಣಿಸಿ ಕೊಡುವವರೆಗೆ ಕೂರಬೇಡಿ.