ಕತ್ತಿಗೊಂದು ಫ್ಯೂಸು

ನಮ್ಮ ಬೀದಿಯಲ್ಲಿ ಯಾರ ಮನೆಯ ಫ್ಯೂಸ್ ಹೋದರೂ ನನ್ನನ್ನೇ ಕರೆಯುತ್ತಾರೆ. ದೊಡ್ಡಬಳ್ಳಾಪುರದ ನೇಕಾರರ ಬೀದಿ ನಮ್ಮದು, ಮನೆಗಳಿಗಿಂತ ಮಗ್ಗಗಳೇ ಹೆಚ್ಚು. ನನ್ನ ಮನೆಯ ಹಿಂದಿನ ಶೆಡ್ಡಿನಲ್ಲೂ ನಾಲ್ಕು ಪವರ್‌ಲೂಮ್ ಇವೆ. ಇಪ್ಪತ್ತೆಂಟು ವರ್ಷದಿಂದ ಎರಡನ್ನು ನಾನು, ಎರಡನ್ನು ನನ್ನ ಹೆಂಡತಿ ನೋಡಿಕೊಳ್ಳುತ್ತಿದ್ದೇವೆ. ಲೈನ್‌ಮನ್ ಬರಲಿ ಎಂದು ಕಾಯುವ ತಾಳ್ಮೆ ನನಗೆ ಮೊದಲಿಂದಲೂ ಇಲ್ಲ, ಟೆಸ್ಟರ್ ಹಿಡಿದು ನಾನೇ ಹೊರಟುಬಿಡುತ್ತೇನೆ. ಈ ವಿದ್ಯೆಯನ್ನು ಯಾರೂ ಕಲಿಸಿದ್ದಲ್ಲ, ಶಾಕ್ ಹೊಡೆಸಿಕೊಂಡೇ ಕಲಿತದ್ದು. ಹಾಗಾಗಿ ಕರೆಂಟಿನ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾದ್ದಿಲ್ಲ ಎಂಬ ಜಂಬ ನನಗಿತ್ತು. ಈ ಜಂಬದ ದೆಸೆಯಿಂದ ಐದು ತಿಂಗಳು ನಿದ್ದೆ ಕೆಡಿಸಿಕೊಂಡೆ.

ಮೊದಲು ಬಲಗೈ ಬೆರಳುಗಳು ಜೋಮು ಹಿಡಿದವು. ಮಲಗಿದಾಗ ಕೈ ಅಡಿಗೆ ಸಿಕ್ಕಿರಬೇಕು ಅಂದುಕೊಂಡೆ. ಆಮೇಲೆ ಅಂಗಿಯ ಗುಂಡಿ ಹಾಕಲು ಹೆಚ್ಚು ಹೊತ್ತು ಹಿಡಿಯತೊಡಗಿತು. ಜೇಬಿನೊಳಗೆ ಕೈ ಹಾಕಿದರೆ ಬೀಗದ ಕೈ ಸಿಕ್ಕಿತೋ ಚಿಲ್ಲರೆ ಸಿಕ್ಕಿತೋ ಹೊರಗೆ ತೆಗೆದು ನೋಡುವವರೆಗೆ ತಿಳಿಯುತ್ತಿರಲಿಲ್ಲ. ಮಗ್ಗದವನಿಗೆ ಬೆರಳೇ ಕಣ್ಣು. ಕೂದಲೆಳೆಗಿಂತ ತೆಳುವಾದ ರೇಷ್ಮೆ ಎಳೆ ಹರಿದಾಗ ಅದನ್ನು ಹುಡುಕುವುದು ಬೆರಳು, ಕಣ್ಣು ಬರೀ ಸಾಕ್ಷಿ. ನನಗೆ ಒಳಗೊಳಗೇ ಹೆದರಿಕೆ ಶುರುವಾಯಿತು. ಆದರೆ ಯಾರಿಗೂ ಹೇಳಲಿಲ್ಲ.

ಹೆಂಡತಿಗೆ ಹೇಳದೆಯೇ ಗೊತ್ತಾಯಿತು. ಅವಳೇ ತನ್ನ ತಮ್ಮನಿಗೆ ಫೋನು ಮಾಡಿದಳು. ಈ ನನ್ನ ಬಾಮೈದ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸದಲ್ಲಿದ್ದಾನೆ, ಜೊತೆಗೆ ಒಂದು ಹಳೆಯ ಕಾರೂ ಇದೆ. ರಾತ್ರಿ ಪಾಳಿ ಮುಗಿಸಿ ಬಂದವನು ಕಣ್ಣುಜ್ಜಿಕೊಳ್ಳುತ್ತಲೇ ನಮ್ಮಿಬ್ಬರನ್ನು ಬೆಂಗಳೂರಿನ ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದ. ಅಲ್ಲಿ ಕತ್ತಿನ ಸ್ಕ್ಯಾನು ತೆಗೆದರು. ಕೈಗೆ ವೈರು ಅಂಟಿಸಿ ಸಣ್ಣ ಸಣ್ಣ ಶಾಕು ಕೊಟ್ಟು ನರ ಪರೀಕ್ಷೆ ಮಾಡಿದರು. ಶೆಡ್ಡಿನಲ್ಲಿ ಇಷ್ಟು ವರ್ಷ ಬಿಟ್ಟಿ ಹೊಡೆಸಿಕೊಂಡದ್ದಕ್ಕೆ ಇಲ್ಲಿ ಬಿಲ್ಲು ಕೊಟ್ಟರಲ್ಲ ಎಂದು ನಾನು ನಕ್ಕೆ.

ಡಾಕ್ಟರು ಒಳ್ಳೆಯವರು, ನಮ್ಮ ಭಾಷೆಯಲ್ಲೇ ಹೇಳಲು ಪ್ರಯತ್ನಪಟ್ಟರು. ಅದೇ ಎಡವಟ್ಟಾಯಿತು.

"ನೋಡಿ ಯಜಮಾನ್ರೇ, ಕತ್ತಲ್ಲಿ ನರ ಅದುಮ್ಕೊಂಡಿದೆ, ಅದಕ್ಕೇ ಕೈಗೆ ಕರೆಂಟ್ ಸರಿಯಾಗಿ ಹೋಗ್ತಿಲ್ಲ. ಫ್ಯೂಸ್ ಮಾಡ್ಬಿಡ್ತೀವಿ. ಒಂದು ಪ್ಲೇಟು, ನಾಲ್ಕು ಸ್ಕ್ರೂ, ಅಷ್ಟೇ."

ಕರೆಂಟು, ಪ್ಲೇಟು, ಸ್ಕ್ರೂ, ಫ್ಯೂಸು. ನೀವೇ ಹೇಳಿ, ನನ್ನಂಥವನಿಗೆ ಇನ್ನೇನು ಅರ್ಥವಾಗಬೇಕು? ನನ್ನ ಕತ್ತಿನೊಳಗೆ ಒಂದು ಸಣ್ಣ ಮೀಟರ್ ಬೋರ್ಡು ಕೂರಿಸುತ್ತಾರೆ ಎಂದು ನಾನು ಆ ಕ್ಷಣಕ್ಕೇ ತೀರ್ಮಾನಿಸಿದೆ. ವಿಜ್ಞಾನ ಎಷ್ಟು ಮುಂದುವರಿದಿದೆ ಎಂದು ಮೆಚ್ಚಿಕೊಂಡೆ ಕೂಡ. ಕೈ ಈಗಿರುವುದಕ್ಕಿಂತ ಕೆಡದ ಹಾಗೆ ತಡೆಯಬಹುದು, ಕಾಲಿಗೆ ಇಳಿಯದ ಹಾಗೂ ತಡೆಯಬಹುದು, ಆದರೆ ಹೋದ ಸ್ಪರ್ಶ ವಾಪಸು ಬಂದೇ ಬರುತ್ತದೆಂದು ಮಾತು ಕೊಡಲಾರೆ ಎಂದೂ ಡಾಕ್ಟರು ಹೇಳಿದರು. ಆಪರೇಷನ್ನಿಗೆ ಗಂಟಲಿನ ಮುಂಭಾಗದಿಂದ ಹೋಗುತ್ತಾರಂತೆ, ಕೆಲವು ದಿನ ದನಿ ಕಟ್ಟಬಹುದಂತೆ. ನಾನು ಎಲ್ಲದಕ್ಕೂ ತಲೆಯಾಡಿಸಿದೆ.

ಕಾರು ಯಲಹಂಕ ದಾಟುವ ಹೊತ್ತಿಗೆ ಮೆಚ್ಚುಗೆ ಇಳಿದು ಯೋಚನೆ ಹತ್ತಿತು. ಫ್ಯೂಸ್ ಎಂದರೆ ಹೋಗುವುದೇ ಅದರ ಧರ್ಮ. ಲೋಡ್ ಜಾಸ್ತಿಯಾದರೆ ಹೋಗುತ್ತದೆ, ಮಳೆಗಾಲದಲ್ಲಿ ಹೋಗುತ್ತದೆ, ಕೆಲವು ಸಲ ಕಾರಣವೇ ಇಲ್ಲದೆ ಹೋಗುತ್ತದೆ. ನಮ್ಮ ಶೆಡ್ಡಿನಲ್ಲಿ ಫ್ಯೂಸ್ ಹೋದರೆ ಲಾಳಿ ಅರ್ಧದಲ್ಲೇ ನಿಲ್ಲುತ್ತದೆ. ನಾನು ಬಸ್ ಸ್ಟ್ಯಾಂಡಿನಲ್ಲಿ ನಡೆಯುತ್ತಿರುವಾಗ ನನ್ನದು ಹೋದರೆ? ಒಂದು ಕಾಲು ಎತ್ತಿಕೊಂಡು ಹಾಗೇ ನಿಂತಿರಬೇಕೆ? ಇದನ್ನು ಹಾಕುವವರು ಯಾರು, ಪ್ರತಿ ಸಲವೂ ಗಂಟಲು ಬಿಚ್ಚಬೇಕೆ? ಡಾಕ್ಟರನ್ನು ಕೇಳಬಹುದಿತ್ತು. ಆದರೆ ಬೀದಿಗೆಲ್ಲ ಫ್ಯೂಸ್ ಹಾಕುವವನು ಫ್ಯೂಸ್ ಎಂದರೇನು ಎಂದು ಕೇಳುವುದು ಹೇಗೆ? ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಅಲ್ಲಿಂದ ಶುರುವಾಯಿತು ನನ್ನ ಪಂಚಾಂಗ. ಆಷಾಢದಲ್ಲಿ ಶುಭಕಾರ್ಯ ಮಾಡಬಾರದು ಅಂದೆ. ಆಪರೇಷನ್ ಯಾವಾಗಿನಿಂದ ಶುಭಕಾರ್ಯವಾಯಿತು ಎಂದು ಹೆಂಡತಿ ಕೇಳಿದಳು. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬದ ಸೀರೆಗಳ ಆರ್ಡರ್ ಇತ್ತು, ಅದು ನಿಜವಾದ ಕಾರಣ. ಭಾದ್ರಪದದಲ್ಲಿ ಗಣಪತಿ, ಗಣಪತಿ ಹೋದಮೇಲೆ ಪಿತೃಪಕ್ಷ. ಪಿತೃಪಕ್ಷದಲ್ಲಿ ಕತ್ತು ಕೊಯ್ಸಿಕೊಂಡರೆ ಪಿತೃಗಳು ನನ್ನನ್ನೂ ಪಂಕ್ತಿಯಲ್ಲಿ ಕೂರಿಸಿಕೊಂಡುಬಿಟ್ಟಾರು. ಆಮೇಲೆ ಆಯುಧಪೂಜೆ, ಮಗ್ಗಗಳಿಗೆ ಪೂಜೆ ಮಾಡದೆ ಹೋಗುವುದು ಹೇಗೆ? ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಒಂದೊಂದೇ ತಿಂಗಳು ದಾಟುತ್ತಿದ್ದೆ. ಅಷ್ಟರಲ್ಲಿ ಸುದ್ದಿ ತಿಳಿದ ನೆಂಟರು ಬಂದು ಧೈರ್ಯ ಹೇಳಿದರು. ಪ್ರತಿಯೊಬ್ಬರಿಗೂ ಕತ್ತಿನ ಆಪರೇಷನ್ ಮಾಡಿಸಿಕೊಂಡ ಒಬ್ಬ ಪರಿಚಯದವರಿದ್ದರು, ಆ ಪರಿಚಯದವರಲ್ಲಿ ಒಬ್ಬರೂ ಈಗ ಬದುಕಿರಲಿಲ್ಲ. ಕತ್ತು ಕೊಯ್ಯುವವರನ್ನು ಸೀರೆ ವ್ಯಾಪಾರದಲ್ಲಿ ಬೇಕಾದಷ್ಟು ನೋಡಿದ್ದೇನೆ, ಇವರಾದರೂ ಮತ್ತು ಬರಿಸಿ ಕೊಯ್ಯುತ್ತಾರೆ ಎಂದು ನಾನು ಅವರನ್ನೆಲ್ಲ ನಗಿಸಿ ಕಳಿಸುತ್ತಿದ್ದೆ. ಅವರು ಹೋದಮೇಲೆ ಪಂಚಾಂಗ ತೆಗೆದು ಮುಂದಿನ ತಿಂಗಳು ಏನಿದೆ ಎಂದು ಹುಡುಕುತ್ತಿದ್ದೆ.

ಆಯುಧಪೂಜೆಯಾಗಿ ಒಂದು ವಾರಕ್ಕೆ ಒಂದು ಎಳೆ ಹರಿಯಿತು. ಮಗ್ಗ ನಿಲ್ಲಿಸಿ ಬಗ್ಗಿ ತುದಿ ಹಿಡಿದೆ, ಗಂಟು ಹಾಕಿದೆ, ಮಗ್ಗ ಬಿಟ್ಟೆ. ಎಳೆ ಕೂಡಿರಲಿಲ್ಲ. ಮತ್ತೆ ಹಾಕಿದೆ. ಮೂರನೆಯ ಸಲ ತಲೆ ಎತ್ತಿದಾಗ ಹೆಂಡತಿ ತನ್ನ ಮಗ್ಗ ಬಿಟ್ಟು ನನ್ನ ಬೆರಳುಗಳನ್ನೇ ನೋಡುತ್ತ ನಿಂತಿದ್ದಳು. ಅವುಗಳ ನಡುವೆ ಎಳೆಯೇ ಇರಲಿಲ್ಲ. ನಾನು ಗಾಳಿಗೆ ಗಂಟು ಹಾಕುತ್ತಿದ್ದೆ.

ಅವಳು ಮೇನ್ ಸ್ವಿಚ್ ಆರಿಸಿದಳು. ನಾಲ್ಕೂ ಮಗ್ಗ ನಿಂತವು. ಕರೆಂಟು ಇದ್ದೂ ಹಗಲು ಹೊತ್ತಿನಲ್ಲಿ ನಮ್ಮ ಶೆಡ್ಡು ಅಷ್ಟು ಸದ್ದಿಲ್ಲದೆ ಇದ್ದದ್ದು ನನಗೆ ನೆನಪಿಲ್ಲ. ನಾಳೆಯೇ ಹೋಗಿ ದಿನ ಗೊತ್ತುಮಾಡಿಕೊಂಡು ಬರೋಣ ಎಂದಳು. ನಾನು ಕಾರ್ತಿಕ ಮಾಸದ ಬಗ್ಗೆ ಏನೋ ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿಕೊಂಡೆ.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಸಹಿ ಹಾಕಿಸಿಕೊಳ್ಳಲು ವಾರ್ಡಿಗೆ ಬಂದರು. ಪೆನ್ನು ಹಿಡಿದರೂ ಹಿಡಿದಂತೆ ಗೊತ್ತಾಗದ ಕೈಯಲ್ಲಿ ಹೇಗೋ ಸಹಿ ಎಳೆದೆ. ಏನಾದರೂ ಅನುಮಾನ ಇದೆಯೇ ಎಂದು ಅವರು ಕೇಳಿದರು. ಇನ್ನು ಜಂಬ ಕಟ್ಟಿಕೊಂಡು ಏನು ಮಾಡಲಿ, ಕೇಳಿಯೇಬಿಟ್ಟೆ.

"ಅಮ್ಮಾ, ಈ ಫ್ಯೂಸ್ ಹೋದ್ರೆ ಮತ್ತೆ ಕತ್ತು ಕುಯ್ದೇ ಹಾಕ್ಬೇಕಾ, ಇಲ್ಲಾ ಹೊರಗಿಂದ್ಲೇ ಹಾಕ್ಬೋದಾ?"

ಪಾಪ, ಅವರು ಇದನ್ನು ಬಹಳ ತಿಳಿದವನ ಪ್ರಶ್ನೆ ಎಂದುಕೊಂಡರು. ಫ್ಯೂಸ್ ಆಗದಿದ್ದರೆ ಇನ್ನೊಂದು ಸಲ ಆಪರೇಷನ್ ಮಾಡಬೇಕಾಗಬಹುದು, ಆದರೆ ಹಾಗಾಗುವುದು ಅಪರೂಪ ಎಂದರು. ನಾನು ಅಂದುಕೊಂಡದ್ದೇ ನಿಜವಾಯಿತು. ಹಾಸಿಗೆಯಿಂದ ಕಾಲು ಕೆಳಗಿಟ್ಟೆ, ಚಪ್ಪಲಿ ಹುಡುಕತೊಡಗಿದೆ. ಬೆವರಿದ ನನ್ನ ಮುಖವನ್ನು ಹೆಂಡತಿ ಒಂದು ಕ್ಷಣ ನೋಡಿದಳು.

"ನೀವು ಏನಂತ ತಿಳ್ಕೊಂಡಿದೀರಿ, ಹೇಳಿ."

ಎಲ್ಲವನ್ನೂ ಹೇಳಿದೆ. ಮೀಟರ್ ಬೋರ್ಡು, ಫ್ಯೂಸ್ ವೈರು, ಬಸ್ ಸ್ಟ್ಯಾಂಡಿನಲ್ಲಿ ಎತ್ತಿದ ಕಾಲು. ಡಾಕ್ಟರಮ್ಮ ಫೈಲಿನಿಂದ ಬಾಯಿ ಮುಚ್ಚಿಕೊಂಡರು. ಪಕ್ಕದ ಹಾಸಿಗೆಯವರು ಬಹಿರಂಗವಾಗಿಯೇ ನಕ್ಕರು. ಹೆಂಡತಿ ಮಾತ್ರ ನಗಲಿಲ್ಲ. ಈ ಐದು ತಿಂಗಳ ಆಷಾಢ ಶ್ರಾವಣಗಳೆಲ್ಲ ಏನೆಂದು ಅವಳಿಗೆ ಆಗ ತಿಳಿದಿರಬೇಕು. ಒಂದು ಹಾಳೆಯಲ್ಲಿ ಬರೆದು ತೋರಿಸಿ ಎಂದು ಡಾಕ್ಟರಮ್ಮನನ್ನು ಕೇಳಿಕೊಂಡಳು. ಅವರು ಒಂದರ ಮೇಲೊಂದು ಎರಡು ಮೂಳೆ ಬರೆದರು. ನಡುವೆ ಸವೆದು ಹೊರಗೆ ಚಾಚಿ ನರ ಅದುಮುತ್ತಿರುವ ಮೆತ್ತೆಯನ್ನು ತೆಗೆದುಬಿಡುತ್ತಾರೆ, ಆ ಜಾಗಕ್ಕೆ ಒಂದು ಸಣ್ಣ ತುಂಡು ಕೂರಿಸುತ್ತಾರೆ, ಅಲುಗಾಡದಿರಲೆಂದು ಪ್ಲೇಟು ಸ್ಕ್ರೂ ಹಾಕುತ್ತಾರೆ, ತಿಂಗಳುಗಳು ಕಳೆದಂತೆ ಮೇಲಿನ ಮೂಳೆ ಕೆಳಗಿನ ಮೂಳೆ ತಾವಾಗಿಯೇ ಬೆಳೆದು ಒಂದಾಗುತ್ತವೆ. ಅಷ್ಟೇ ಫ್ಯೂಸು.

ಹೆಂಡತಿ ಆ ಚಿತ್ರವನ್ನು ನನ್ನ ಕಡೆ ತಿರುಗಿಸಿದಳು.

"ಇದು ಕೆಚ್ಚೋದು ಕಣ್ರೀ. ಫ್ಯೂಸೂ ಇಲ್ಲ ಮಣ್ಣೂ ಇಲ್ಲ. ನಾನು ಕೆಚ್ಚಿದ್ದು ಯಾವತ್ತಾದ್ರೂ ಬಿಟ್ಟೈತಾ?"

ಕೆಚ್ಚುವುದು ಎಂದರೆ ನಮ್ಮಲ್ಲಿ ಎಳೆ ಕೂಡಿಸುವ ಕೆಲಸ. ಮಗ್ಗಕ್ಕೆ ಉದ್ದುದ್ದ ಹೂಡಿದ ಎಳೆಗಳ ಹಾಸು ಮುಗಿಯುತ್ತ ಬಂದಾಗ ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ತುದಿಯನ್ನು ಹೊಸೆದು ಸೇರಿಸಬೇಕು. ಸಾವಿರಾರು ಎಳೆ, ಬೂದಿ ಮುಟ್ಟಿಕೊಂಡ ಎರಡು ಬೆರಳು, ಒಂದು ದಿನದ ತಾಳ್ಮೆ. ನನಗಂತೂ ಆಗುವುದಿಲ್ಲ. ನನ್ನ ಹೆಂಡತಿ ಕೆಚ್ಚಿದ ಹಾಸು ಮಗ್ಗದಲ್ಲಿ ಸಾಗಿಹೋಗುವಾಗ ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ನನಗೂ ಕಾಣುವುದಿಲ್ಲ. ಇಲ್ಲ, ಅವಳು ಕೆಚ್ಚಿದ್ದು ಯಾವತ್ತೂ ಬಿಟ್ಟಿಲ್ಲ. ನಾನು ಕಾಲು ಮೇಲೆ ತೆಗೆದುಕೊಂಡು ಮಲಗಿದೆ. ಭಯ ಹೋಯಿತು ಎಂದರೆ ಸುಳ್ಳಾದೀತು. ಆದರೆ ಈಗ ಅದು ಎಲ್ಲರಿಗೂ ಆಗುವಂಥ ಭಯ ಆಯಿತು, ನನ್ನೊಬ್ಬನದೇ ಹುಚ್ಚಾಗಿ ಉಳಿಯಲಿಲ್ಲ. ದನಿ ಹೋದರೆ ಏನು ಗತಿ ಎಂದು ಮೆಲ್ಲಗೆ ಕೇಳಿದೆ. ಶೆಡ್ಡಿನ ಸದ್ದಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಅದನ್ನು ಕೇಳಿದವರು ಯಾರು ಎಂದಳು.

ಆಪರೇಷನ್ ಆಯಿತು. ನನಗೆ ಗೊತ್ತಿರುವುದು ಇಷ್ಟೇ: ಒಬ್ಬರು ಮುಖಕ್ಕೆ ಮಾಸ್ಕು ಹಿಡಿದು ಊರು ಯಾವುದು ಎಂದು ಕೇಳಿದರು. ನಾನು 'ದೊಡ್ಡ...' ಎನ್ನುವಷ್ಟರಲ್ಲಿ ಎಲ್ಲ ಮುಗಿದು, ಕತ್ತಿಗೆ ಗಟ್ಟಿ ಪಟ್ಟಿ ಕಟ್ಟಿಸಿಕೊಂಡು ಬೇರೆ ಕೋಣೆಯಲ್ಲಿದ್ದೆ. ಗಂಟಲು ಉರಿಯುತ್ತಿತ್ತು. ಮೊದಲು ಕಾಲ್ಬೆರಳು ಆಡಿಸಿ ನೋಡಿದೆ, ಆಡಿದವು. ಆಮೇಲೆ ಬಲಗೈ ಬೆರಳನ್ನು ಹೊದಿಕೆಯ ಮೇಲೆ ಉಜ್ಜಿದೆ. ಏನೂ ತಿಳಿಯಲಿಲ್ಲ. ಒಂದೇ ದಿನಕ್ಕೆ ಆಗುವ ಕೆಲಸವಲ್ಲ ಎಂದು ಡಾಕ್ಟರು ಬಂದು ಹೇಳಿದರು.

ಊರಿಗೆ ಬರುವಾಗ ಬಾಮೈದ ಕಾರನ್ನು ಎಷ್ಟು ನಿಧಾನವಾಗಿ ಓಡಿಸಿದನೆಂದರೆ ಒಂದು ಟ್ರ್ಯಾಕ್ಟರು ನಮ್ಮನ್ನು ಹಿಂದೆ ಹಾಕಿ ಹೋಯಿತು. ರಸ್ತೆಯ ಪ್ರತಿ ಉಬ್ಬಿಗೂ "ಬಾವ, ಬಂತು, ಹುಷಾರು" ಎಂದು ಎಚ್ಚರಿಸುತ್ತಿದ್ದ. ನೋವಿಗಿಂತ ಅವನ ಎಚ್ಚರಿಕೆಗೇ ನಾನು ಬೆಚ್ಚಿಬೀಳುತ್ತಿದ್ದೆ.

ಆರು ವಾರ ಆ ಪಟ್ಟಿಯಲ್ಲಿ ಕಳೆದೆ. ಶೆಡ್ಡಿನಲ್ಲಿ ನಾವು ಮಾತಾಡುವುದೇ ತಲೆಯಿಂದ. ಮೇಲಕ್ಕೆ ಎತ್ತಿದರೆ ನೂಲು ಬೇಕು, ಪಕ್ಕಕ್ಕೆ ಓಲಾಡಿಸಿದರೆ ಆಗಲಿ, ಒಂದು ಸಲ ಹಿಂದಕ್ಕೆ ಎಸೆದರೆ ಕಾಫಿ. ಈಗ ತಲೆಯೂ ಆಡುವಂತಿಲ್ಲ, ಗಂಟಲಿನಿಂದ ದನಿಯೂ ಹೊರಡುತ್ತಿಲ್ಲ. ಹುಬ್ಬಿನಲ್ಲೇ ಸಂಸಾರ ನಡೆಸಿದೆ. ಒಂದು ದಿನ ಕಾಫಿ ಕೇಳಿದರೆ ಅವಳು ಫ್ಯಾನ್ ಹಾಕಿ ಹೋದಳು. ರೋಗಿಗೆ ಬ್ರೆಡ್ಡೇ ಆಹಾರ ಎಂದು ನಂಬಿರುವ ನೆಂಟರು ಬ್ರೆಡ್ಡು ತಂದು ಗುಡ್ಡೆ ಹಾಕಿದರು. ಬೀದಿಯಲ್ಲಿ ಅಡ್ಡಾಡಿದರೆ ಕರೆದವರ ಕಡೆ ಕತ್ತು ತಿರುಗಿಸಲಾಗದೆ ಇಡೀ ಮೈಯನ್ನೇ ತಿರುಗಿಸಬೇಕಾಗಿತ್ತು. ನನಗೆ ಕೊಬ್ಬು ಬಂದಿದೆ ಎಂದು ಒಬ್ಬರು ಹೇಳಿದರಂತೆ. ದನಿ ಮೂರನೆಯ ವಾರಕ್ಕೆ ವಾಪಸು ಬಂತು. ಬಂದ ಕೂಡಲೇ ಅವರನ್ನು ಹುಡುಕಿಕೊಂಡು ಹೋಗಿ ಜಗಳವಾಡಿದೆ.

ಬೆರಳು ಮಾತ್ರ ಹಾಗೇ ಇತ್ತು. ಡಾಕ್ಟರು ಹೇಳಿದ ವ್ಯಾಯಾಮ ಮಾಡಿದೆ, ಸ್ಪಂಜಿನ ಚೆಂಡು ಹಿಸುಕಿದೆ. ಕೈಯ ಬಲ ಸ್ವಲ್ಪ ಸ್ವಲ್ಪ ಬಂತು, ಸ್ಪರ್ಶ ಬರಲಿಲ್ಲ. ಎರಡನೆಯ ತಿಂಗಳು ಹೋಯಿತು, ಮೂರನೆಯದೂ ಹೋಯಿತು. ತಾವು ಮಾತು ಕೊಟ್ಟಿರಲಿಲ್ಲ ಎಂದು ಡಾಕ್ಟರು ಮೆಲ್ಲಗೆ ನೆನಪಿಸಿದರು. ನನ್ನ ಮಗ್ಗಗಳಿಗೆ ಬೇರೆಯವರನ್ನು ನೋಡೋಣವೇ ಎಂದು ನಾನೇ ಹೆಂಡತಿಯನ್ನು ಕೇಳಿದೆ. ನೋಡೋಣ ಎಂದಳು. ಅವತ್ತು ನನಗೆ ತುಂಬ ದುಃಖವಾಯಿತು.

ನಾಲ್ಕನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಹೋಗಿದ್ದ ಕರೆಂಟು ಊಟದ ಹೊತ್ತಿಗೇ ಬಂತು. ಹೆಂಡತಿ ಕೋಲಿನಿಂದ ತಿರುವಿದ ಮುದ್ದೆಯನ್ನು ಗಡಿಬಿಡಿಯಲ್ಲಿ ಕಟ್ಟಿ ತಟ್ಟೆಗೆ ಹಾಕಿ, ಬಸ್ಸಾರು ಬಿಟ್ಟು ಶೆಡ್ಡಿನ ಕಡೆ ಹೊರಟಳು. ನಾನು ಮುದ್ದೆ ಮುರಿಯಲು ಕೈ ಹಾಕಿದವನು ಹಾ ಎಂದು ಕೈ ಹಿಂದಕ್ಕೆ ಎಳೆದುಕೊಂಡೆ.

ಅವಳು ಬಾಗಿಲಲ್ಲೇ ನಿಂತಳು. ಆಮೇಲೆ ಹೇಳಿದ್ದು: ಒಂದು ವರ್ಷದ ಹಿಂದೆ ನಾನು ಹಬೆಯಾಡುವ ಮುದ್ದೆಯನ್ನು ಆರಾಮವಾಗಿ ಮುರಿದು ಉಣ್ಣುತ್ತಿದ್ದೆನಂತೆ. ಬೆರಳ ತುದಿಯಲ್ಲಿ ಬೊಬ್ಬೆ ಎದ್ದಿತ್ತಂತೆ. ನನಗೆ ಅದು ಗೊತ್ತೇ ಆಗದಿದ್ದದ್ದನ್ನು ಅವಳು ನೋಡಿದ್ದಳು. ಅಂದಿನಿಂದ ಅವಳು ಮುದ್ದೆಯನ್ನು ಆರಿಸಿಟ್ಟು ಆಮೇಲೆ ನನ್ನನ್ನು ಊಟಕ್ಕೆ ಕರೆಯುತ್ತಿದ್ದಳು. ಈಚೆಗೆ ತಣ್ಣನೆ ಮುದ್ದೆ ಹಾಕುತ್ತೀಯ, ನಿನಗೆ ಸೋಮಾರಿತನ ಬಂದಿದೆ ಎಂದು ನಾನು ವರ್ಷವಿಡೀ ಗೊಣಗಿದ್ದೆ. ಅವಳು ಒಂದು ದಿನವೂ ತಿರುಗಿ ಹೇಳಿರಲಿಲ್ಲ.

"ಇನ್ನೊಂದ್ಸಲ ಮುಟ್ಟಿ" ಎಂದಳು.

ಮುಟ್ಟಿದೆ. ಸುಟ್ಟಿತು. ಅವಳು ಹೊಸ್ತಿಲ ಮೇಲೆಯೇ ಕುಸಿದು ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು. ನನಗೂ ಅಳು ತಡೆಯಲಾಗಲಿಲ್ಲ. ಮೂರನೆಯ ಸಲ ಅವಳು ಹೇಳದಿದ್ದರೂ ನಾನೇ ಮುಟ್ಟಿದೆ.